ಮುಖ್ಯ ಅತಿಥಿಗಳು ಕೊನೆಯವರೆಗೂ ಕೂತರು

ನಮ್ಮ ಕಡೆ ವಿಚಾರ ಸಂಕಿರಣ ಅಂದರೆ ಮೊದಲು ಹುಟ್ಟುವುದು ವಿಚಾರವಲ್ಲ, ಆಹ್ವಾನ ಪತ್ರಿಕೆ. ಉದ್ಘಾಟನೆ ಯಾರದು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು ಎಂದು ತೀರ್ಮಾನವಾಗುವಷ್ಟರಲ್ಲಿ ಇಲಾಖೆಯ ಅರ್ಧ ಜನ ಮಾತು ಬಿಟ್ಟಿರುತ್ತಾರೆ. ಪ್ರಬಂಧ ಮಂಡಿಸುವವರ ಹೆಸರು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬಂದು ಬಿದ್ದಿರುತ್ತದೆ. ಅದನ್ನು ಓದುವವರು ಯಾರು? ಅವರವರೇ.

೧೯೯೯ರ ಮಾರ್ಚ್ ತಿಂಗಳ ಒಂದು ಸೋಮವಾರ ಹಾಸನದ ಸ್ನಾತಕೋತ್ತರ ಕೇಂದ್ರದ ನೋಟಿಸ್ ಬೋರ್ಡಿನ ಮುಂದೆ ನಿಂತು ಶಾಂತಿಯೂ ಓದಿದ್ದು ತನ್ನ ಹೆಸರನ್ನೇ. ಎಂ.ಫಿಲ್ ಮಾಡುತ್ತಿದ್ದ ಹುಡುಗಿ. ಹೆಸರು ಅಚ್ಚಾಗಿದ್ದು ಇದೇ ಮೊದಲು. ಶನಿವಾರ ಮಧ್ಯಾಹ್ನದ ಗೋಷ್ಠಿ. 'ಮುಚ್ಚಿದ ಬಾವಿ: ಒಂದು ಕೇರಿಯ ನೆನಪು.' ಅದರ ಕೆಳಗೇ, ಕಥೆ ಹೇಳಿದವರು ಮುದ್ದಮ್ಮ ಎಂದು ಅವಳ ಅಜ್ಜಿಯ ಹೆಸರು, ಊರಿನ ಸಮೇತ. ಆ ಹೆಸರು ಹಾಕಬೇಡಿ ಎಂದು ಶಾಂತಿ ಮೇಷ್ಟ್ರಿಗೆ ಅಷ್ಟು ಹೇಳಿದ್ದಳು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಉದ್ಘಾಟನೆ ಮತ್ತು ಮುಖ್ಯ ಅತಿಥಿ: ಶ್ರೀ ತಮ್ಮಯ್ಯ, ಸಮಾಜ ಸೇವಕರು.

ಅಯ್ಯಯ್ಯೋ, ಊರಲ್ಲಿ ಇನ್ಯಾರೂ ಸಿಗಲಿಲ್ಲವೇ!

ನಲವತ್ನಾಲ್ಕು ವರ್ಷದ ಹಿಂದಿನ ಮಾತು. ನುಗ್ಗೇಹಳ್ಳಿಯಿಂದ ಮೂರು ಮೈಲಿಯ ಅವರ ಊರಿನಲ್ಲಿ ಮುದ್ದಮ್ಮನ ಗಂಡ ಚಲುವಯ್ಯ, ಊರ ಚಾಕರಿಯ ತೋಟಿ ಕೆಲಸಕ್ಕೆಂದು ಮನೆತನಕ್ಕೆ ಕೊಟ್ಟಿದ್ದ ಭೂಮಿ ತನ್ನದೆಂದು ಚನ್ನರಾಯಪಟ್ಟಣದ ಕಚೇರಿಗೆ ಅರ್ಜಿ ಕೊಟ್ಟ. ಆ ಭೂಮಿಯನ್ನು ಉಳುತ್ತಿದ್ದವರು ಪಟೇಲರು. ಮುಂದಿನ ವಾರವೇ ಪಟೇಲರ ತೋಟದ ಬಾವಿಯ ಹೂಳೆತ್ತಲು ಚಲುವಯ್ಯನಿಗೆ ಕರೆ ಬಂತು. ಅವನು ಹಗ್ಗ ಹಿಡಿದು ಅರ್ಧಕ್ಕೆ ಏರಿ ಬಂದಿದ್ದಾಗ, ಗೂಟಕ್ಕೆ ಕಟ್ಟಿದ್ದ ಆ ಹಗ್ಗವನ್ನು ಪಟೇಲರು ಕೈಯಾರೆ ಬಿಚ್ಚಿದರು. ಹೂಳಿನ ಮಂಕರಿ ಹೊರುತ್ತಿದ್ದ ಮುದ್ದಮ್ಮ ಅದನ್ನು ಕಣ್ಣಾರೆ ಕಂಡಳು. ಜಾರಿ ಬಿದ್ದ ಎಂದು ಪೊಲೀಸರ ಕೈಲಿ ಬರೆಸಿದರು. ಬಾವಿ ಮುಚ್ಚಿದರು, ತೆಂಗು ನೆಟ್ಟರು. ಅಷ್ಟು ವರ್ಷ ಬಾಯಿ ಬಿಡದ ಅಜ್ಜಿ ಹೋದ ದೀಪಾವಳಿಯಲ್ಲಿ, ಪದ ಹೇಳು ಎಂದು ಶಾಂತಿ ಟೇಪ್‌ರೆಕಾರ್ಡರ್ ಇಟ್ಟಾಗ, ಪದ ನಿಲ್ಲಿಸಿ ಇದನ್ನು ಹೇಳಿದ್ದಳು. ಆ ಪಟೇಲರು ಈಗಿಲ್ಲ. ಅವರ ಮಗನೇ ಈ ತಮ್ಮಯ್ಯ. ತೋಟ ಅವನದು, ಆ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದವನು ಶಾಂತಿಯ ಅಪ್ಪ ಮಂಚಯ್ಯ.

ಅವಳ ಮಾರ್ಗದರ್ಶಕರು ಮುರಳೀಕೃಷ್ಣ, ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮೇಷ್ಟ್ರು. ಒಳ್ಳೆಯವರು. ಒಳ್ಳೆಯವರಿಂದ ಆಗುವ ಅನಾಹುತಕ್ಕೆ ಯಾರನ್ನು ಬೈಯುವುದು ಹೇಳಿ.

"ಸಾರ್, ಅಜ್ಜಿ ಹೆಸರು ಬೇಡ ಅಂದಿದ್ದೆ."

"ಅದೇ ತಪ್ಪು ನೋಡಮ್ಮ. ಹೇಳಿದವರ ಹೆಸರು ನುಂಗಿ ನಾವು ಡಾಕ್ಟರಾಗಿದ್ದು ಸಾಕು. ಅವರಿಗೂ ಗೌರವ ಬೇಡವಾ?"

"ಮತ್ತೆ ಮುಖ್ಯ ಅತಿಥಿಗಳು..."

"ನಿಮ್ಮ ಊರಿನವರೇ! ಮಧ್ಯಾಹ್ನದ ಊಟ ಪೂರಾ ಅವರದು. ನಿನಗೆ ಖುಷಿಯಾಗುತ್ತೆ ಅಂತ ನಾನೇ ಹೋಗಿ ಕರೆದೆ."

ಪ್ರಬಂಧದಲ್ಲಿ ಅವಳು 'ಊರಿನ ಯಜಮಾನ' ಎಂದಷ್ಟೇ ಬರೆದಿದ್ದಳು. ಈಗ ಬೇರೆ ದಾರಿಯಿರಲಿಲ್ಲ. "ಸಾರ್, ಹಗ್ಗ ಬಿಚ್ಚಿದ ಯಜಮಾನ ಇವರ ತಂದೆ" ಎಂದಳು.

ಮೇಷ್ಟ್ರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಕಾರ್ಡು ಹಂಚಿ ಆಗಿಬಿಟ್ಟಿದೆಯಲ್ಲಮ್ಮ..." ಸ್ವಲ್ಪ ಹೊತ್ತಿಗೆ ಅವರಿಗೇ ಒಂದು ಧೈರ್ಯ ಹೊಳೆಯಿತು. "ನೋಡು, ಯಾವ ಮುಖ್ಯ ಅತಿಥಿ ಮಧ್ಯಾಹ್ನದ ಗೋಷ್ಠಿಗೆ ಕೂತಿದ್ದಾರೆ? ದೀಪ ಹಚ್ಚುತ್ತಾರೆ, ಹಾರ ಹಾಕಿಸ್ಕೋತಾರೆ, ಇನ್ನೊಂದು ಕಾರ್ಯಕ್ರಮ ಇದೆ ಅಂತ ಕಾರು ಹತ್ತುತ್ತಾರೆ. ನೀನು ಓದೋ ಹೊತ್ತಿಗೆ ಅವರು ಊರು ಸೇರಿರ್ತಾರೆ. ಬೇಕಾದರೆ ಆ ರಾಗಿ ಬೀಸೋ ಪದದ ಪ್ರಬಂಧಾನೂ ಜೊತೆಗಿಟ್ಟುಕೊಂಡಿರು."

ಮಾತು ಸುಳ್ಳಲ್ಲ. ಅವಳು ನೋಡಿದ ಎಲ್ಲ ಸಂಕಿರಣಗಳಲ್ಲೂ ಹಾಗೇ ಆಗಿತ್ತು. ಆದರೂ ಮನಸ್ಸು ತಡೆಯದೆ ಬುಧವಾರ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದಳು.

ತಮ್ಮಯ್ಯ ಅವಳಿಗಿಂತ ಮುಂಚೆಯೇ ಬಂದು ಹೋಗಿದ್ದ. ಆಹ್ವಾನ ಪತ್ರಿಕೆ ಗೂಡಿನಲ್ಲಿತ್ತು. ಅಪ್ಪ ಮಂಚಯ್ಯ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ.

"ಬುದ್ಯೋರು ನಮ್ಮನೇಗೆ ಬಂದಿದ್ರು ಕಣವ್ವ. ಇದೇ ಜಗ್ಲಿ ಮ್ಯಾಲೆ ಕೂತ್ಕಂಡ್ರು. ನೀರ್ ಈಸ್ಕಂಡು ಕುಡುದ್ರು. ಬುದ್ಧನ ಪಟಕ್ಕೂ ಕೈ ಮುಗುದ್ರು."

ಆ ಮನೆತನದವರು ಕೇರಿಗೆ ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ; ಇನ್ನು ನೀರು ಕುಡಿಯುವುದೆಲ್ಲಿ ಬಂತು. ಕೂಗಾಡಿದ್ದರೆ, ಹೊಡೆದಿದ್ದರೆ ಶಾಂತಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಭಯವಾದದ್ದು ಆ ಒಂದು ಲೋಟ ನೀರಿಗೆ.

"ಏನಂದ?"

"ಏನೂ ಅನ್ನಿಲ್ಲ. ನಿಮ್ ಮಗ್ಳು ಊರಿನ್ ಎಸ್ರು ತತ್ತಾವ್ಳೆ, ಅಜ್ಜೀನ ನಾನೇ ಕಾರಲ್ ಕರ್ಕಂಡೋಯ್ತೀನಿ ಅಂದ್ರು. ಬ್ಯಾಡ ಕಣವ್ವ, ಬ್ಯಾರೆ ಏನಾರ ಓದ್ಬುಡು. ನಿನ್ ದಮ್ಮಯ್ಯ."

"ಅಜ್ಜಿ, ನೀನು ಆ ಕಾರು ಹತ್ತಬ್ಯಾಡ."

ಮುದ್ದಮ್ಮ ಎಲೆಅಡಿಕೆ ಒಂದು ದವಡೆಗೆ ಒತ್ತಿಕೊಂಡು ಮೊಮ್ಮಗಳನ್ನು ನೋಡಿದಳು. "ಕಾರ್ ಅತ್ತುದ್ರೇನಾಯ್ತದೆ? ಓಗ್ದಿದ್ರೆ ಮುದ್ಕಿ ಎದ್ರುಕಂಡ್ಳು ಅಂತಾನೆ. ನಂಗೂ ಅರವತ್ತು ದಾಟ್ತು, ಇನ್ನೇನ್ ಕಿತ್ಕಂಡಾನು. ನೀನು ಓದು ಮಗಾ. ನಾ ಮುಂದ್ಗಡೆ ಕೂತ್ಕಂಡು ಕೇಳ್ತೀನಿ. ನಂಗೆ ಅದೊಂದೇ ಆಸೆ."

ಶನಿವಾರ ಹತ್ತೂವರೆಗೆ ಬಿಳಿ ಕಾರು ಬಂತು. ಮುಂದಿನ ಸೀಟಿನಿಂದ ಅಜ್ಜಿ ಇಳಿದಳು. ಮಡಿಕೆಯ ಗೀರು ಇನ್ನೂ ಮಾಸದ ಹೊಸ ಸೀರೆ ಉಟ್ಟಿದ್ದಳು. ಸೀರೆ ಯಾರು ಕೊಡಿಸಿದ್ದೆಂದು ಕೇಳುವುದೇ ಬೇಕಾಗಿರಲಿಲ್ಲ.

"ದಾರೀಲಿ ತ್ವಾಟದ್ ತಾವ ಕಾರ್ ನಿಲ್ಲುಸ್ದ" ಎಂದು ಅಜ್ಜಿ ಮೆಲ್ಲಗೆ ಹೇಳಿದಳು. "ಇಲ್ಲೇನಾ ಅಜ್ಜಿ ಅಂದ. ಊಂ ಇಲ್ಲೇ ಅಂದೆ. ಆಮ್ಯಾಲೆ ಆಸನ ಪ್ಯಾಟೆ ಮುಟ್ಟೋಗಂಟ ತುಟಿ ಬಿಚ್ನಿಲ್ಲ."

ಉದ್ಘಾಟನೆ ಸಾಂಗವಾಗಿ ನಡೆಯಿತು. ತಮ್ಮಯ್ಯ ದೀಪ ಹಚ್ಚಿದ, ಹಾರ ಹಾಕಿಸಿಕೊಂಡ, ಹಳ್ಳಿಯ ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಮುರಳೀಕೃಷ್ಣ ಆಸೆಯಿಂದ ಬಾಗಿಲಿನವರೆಗೂ ದಾರಿ ಬಿಡಿಸಿ ನಿಂತರು. ಅವನು ವೇದಿಕೆ ಇಳಿದು ಬಂದು ಮೊದಲ ಸಾಲಿನಲ್ಲಿ, ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟ.

"ನಮ್ಮೂರ್ ಉಡ್ಗಿದು ಕೇಳ್ದೆ ಒಂಟೋದ್ರೆ ಎಂಗೆ ಸಾ?" ಎಂದು ನಕ್ಕ.

ಊಟದ ಹೊತ್ತಿನಲ್ಲಿ ಶಾಂತಿ ಒಂದು ಮೂಲೆಗೆ ಸರಿದಿದ್ದಳು. ತಮ್ಮಯ್ಯ ತಟ್ಟೆ ಹಿಡಿದು ಅಲ್ಲಿಗೇ ಬಂದ. ದನಿಯಲ್ಲಿ ಎಂಥ ಅಕ್ಕರೆ ಅಂತೀರಿ.

"ಪಾಯ್ಸ ಆಕುಸ್ಕಳವ್ವ, ಚೆನ್ನಾಗದೆ. ನಿಮ್ಮಪ್ಪನೂ ಬತ್ತೀನಿ ಅಂದ. ನಾನೇ ಬ್ಯಾಡ ಅಂದೆ. ತ್ವಾಟದ್ ಮೇಲ್ಗಡೆ ಬಾವಿ ಊಳು ತುಂಬ್ಬುಟ್ಟದೆ, ಬೆಳಿಗ್ಗೇನೇ ಇಳಿಸಿವ್ನಿ. ಅಗ್ಗ ಇಡ್ದಿರೋರೆಲ್ಲ ನಮ್ ಉಡುಗ್ರೇಯ. ನಾನು ಇಲ್ಲಿಂದ ಫೋನ್ ಮಾಡಿ ಏಳೋಗಂಟ ಮ್ಯಾಲಕ್ಕೆ ಎತ್ ಬ್ಯಾಡಿ ಅಂದಿವ್ನಿ. ಕೆಲ್ಸ ನೀಟಾಗ್ಬೇಕಲ್ವ? ನೀನು ನಿಧಾನುಕ್ಕೆ ಓದು. ಅವಸ್ರ ಇಲ್ಲ."

ಊರಿಗೆ ಇದ್ದದ್ದು ಒಂದೇ ಫೋನು. ಅದು ಅವನ ಮನೆಯದು. ಬಸ್ಸು ಹಿಡಿದರೂ ಮೂರು ಗಂಟೆಯ ದಾರಿ. ಯಾರಿಗೆ ಹೇಳಿದರೂ ಏನೆಂದು ಹೇಳುವುದು? ಬಾವಿ ಹೂಳೆತ್ತಿಸುವುದು ಅಪರಾಧವೇ? ಗೋಷ್ಠಿ ಶುರುವಾಗುತ್ತಿದೆ ಎಂದು ಮೈಕಿನಲ್ಲಿ ಅವಳ ಹೆಸರು ಕೂಗಿದರು.

ಫೈಲಿನಲ್ಲಿ ಎರಡೂ ಪ್ರಬಂಧಗಳಿದ್ದವು. ಅವಳು ರಾಗಿ ಬೀಸುವ ಪದದ್ದನ್ನು ತೆಗೆದಳು. ಮೊದಲ ಪುಟ ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಳು.

"ಲೇ ಶಾಂತಿ, ಇದಲ್ಲ ಕಣೆ ನಾ ಏಳಿದ್ದು. ಬಾವೀದು ಓದು."

ಸಭೆ ತಿರುಗಿ ನೋಡಿತು. ಅಜ್ಜಿ ಸೆರಗು ಬಿಗಿದು ವೇದಿಕೆಯ ಕಡೆ ನಡೆದೇಬಿಟ್ಟಳು. "ನೀ ಓದ್ದಿದ್ರೆ ಬುಡು, ನಾನೇ ಏಳ್ತೀನಿ." ಮುರಳೀಕೃಷ್ಣರ ಕಣ್ಣಲ್ಲಿ ನೀರು ಬಂತು. ಇಂಥ ಗಳಿಗೆಗೇ ಕಾದಿದ್ದವರ ಹಾಗೆ ಕೈ ಹಿಡಿದು ಹತ್ತಿಸಿಕೊಂಡು, "ಬನ್ನಿ ತಾಯಿ, ನೀವೇ ಹೇಳಿ" ಎಂದು ಇನ್ನೊಂದು ಮೈಕನ್ನು ಅವಳ ಕೈಗಿತ್ತರು. ಕೆಳಗೆ ತಮ್ಮಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು, ಕೈಗಡಿಯಾರ ನೋಡಿಕೊಂಡ.

"ನಮ್ ಮನೆಯವ್ರುನ್ನ..." ಎಂದು ಅಜ್ಜಿ ಶುರುಮಾಡಿದಳು.

ಶಾಂತಿ ಮೈಕನ್ನು ಕಿತ್ತುಕೊಂಡಳು. "ಕ್ಷಮಿಸಿ. ನಮ್ಮ ಅಜ್ಜಿಗೆ ವಯಸ್ಸಾಗಿದೆ. ಅರಳುಮರಳು. ಏನೇನೋ ಹೇಳ್ತಿರ್ತಾರೆ, ಯಾರೂ ತಪ್ಪು ತಿಳೀಬೇಡಿ."

ಅಲ್ಲಲ್ಲಿ ಅಯ್ಯೋ ಪಾಪ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೊದಲು ಚಪ್ಪಾಳೆ ತಟ್ಟಿದವನು ತಮ್ಮಯ್ಯ. ತಟ್ಟಿ ಎದ್ದು, ಮೇಷ್ಟ್ರಿಗೆ ಕೈ ಮುಗಿದು, ಆಫೀಸಿನ ಫೋನು ಎಲ್ಲಿದೆಯೆಂದು ಕೇಳಿಕೊಂಡು ಹೊರಗೆ ಹೋದ.

ಅಜ್ಜಿ ಅಲ್ಲೇ ನಿಂತಿದ್ದಳು. ಮೊಮ್ಮಗಳನ್ನು ಗುರುತು ಸಿಗದವಳಂತೆ ನೋಡುತ್ತಿದ್ದಳು. ಶಾಂತಿ ಅವಳನ್ನು ತಬ್ಬಿಕೊಂಡು, ನಾಚಿಕೆಯಿಂದ ಸಾಯುತ್ತಾ, ಕಿವಿಯಲ್ಲಿ ಹೇಳಿದಳು: "ಅಪ್ಪನ್ನ ಬಾವಿಗಿಳಿಸವ್ನೆ ಅಜ್ಜಿ. ನಾನು ಓದಿದ್ರೆ ಮೇಲಕ್ಕೆ ಎತ್ತಲ್ಲ ಅಂತ..."

ಮುದ್ದಮ್ಮ ಮೊಮ್ಮಗಳ ಬೆನ್ನು ಸವರಿದಳು.

"ಅಳ್ಬ್ಯಾಡ ಸುಮ್ಕಿರು. ಅವತ್ತೂ ನಿಮ್ಮಪ್ಪನ್ನೇ ಕಣವ್ವ ಇಡ್ಕಂಡಿದ್ದು. ಎಂಟು ತಿಂಗ್ಳ್ ಕೂಸು. ಪೊಲೀಸ್ನೋರು ಬಂದಾಗ ಎತ್ಕಂಡು ಬಾವಿ ಕಟ್ಟೆ ಮ್ಯಾಲೆ ನಿಂತಿದ್ದ, ಇವ್ನಪ್ಪ. ನನ್ ಗಂಡ ಜಾರಿ ಬಿದ್ದ ಅಂತ ನಾನೇ ಏಳ್ದೆ."