ಎರಡನೆಯ ಗೆರೆ

ಬೇರೆ ಆಲೂಗಡ್ಡೆಯೇ ಇರಬಹುದಲ್ಲ? ಎಲೆ ನೋಡಿ ಹೇಳುವುದಾದರೂ ಹೇಗೆ, ಅಂಗಡಿಯಲ್ಲಿ ಕೊಂಡ ಗಡ್ಡೆಯೂ ಇದೇ ಎಲೆ ಬಿಡುತ್ತದೆ. ಅಡುಗೆಮನೆಯಲ್ಲಿ ಮೊಳಕೆಯೊಡೆದ ಯಾವುದೋ ಒಂದನ್ನು ಅತ್ತಿಗೆ ಡಬ್ಬದಲ್ಲಿ ಊರಿರಬಹುದು. ಹೀಗೆಂದು ತನಗೆ ತಾನೇ ಹೇಳಿಕೊಳ್ಳುವುದು ಇದು ಮೊದಲ ಸಲವೇನೂ ಅಲ್ಲ. ಅವನು ಕೈಯಲ್ಲಿದ್ದ ಪುಟ್ಟ ಕೊಳವೆಯನ್ನೇ ನೋಡುತ್ತಿದ್ದ. ಅರೆದ ಎಲೆಯ ಹಸಿರು ನೀರಿನಲ್ಲಿ ಕಾಗದದ ಪಟ್ಟಿ ನಿಂತಿತ್ತು. ಒಂದು ಗೆರೆ ಮೂಡಿದರೆ ಸಾಮಾನ್ಯ ಗಿಡ. ಎರಡು ಮೂಡಿದರೆ ಬೇಲಿಯೊಳಗಿನ ಗಿಡ. ಐದು ನಿಮಿಷ ಕಾಯಬೇಕು.

ಬೇಲಿ ಇನ್ನೂರು ಹೆಜ್ಜೆ ಆಚೆಗಿತ್ತು. ಅದರೊಳಗೆ ಅಂಗಮಾರಿ ರೋಗ ತಾಗದಂತೆ ರೂಪಿಸಿದ ಕುಲಾಂತರಿ ಆಲೂಗಡ್ಡೆ. ಅದನ್ನು ಬೆಳೆದು ನೋಡಲು ಸರ್ಕಾರ ಅನುಮತಿ ಕೊಟ್ಟಿತ್ತು, ತಿನ್ನಲು ಅಲ್ಲ. ಪ್ರತಿ ವರ್ಷ ಅಗೆದು, ತೂಗಿ, ಬಿತ್ತನೆಗೆ ಬೇಕಾದಷ್ಟನ್ನು ಬೀಗದೊಳಗಿಟ್ಟು, ಉಳಿದದ್ದನ್ನೆಲ್ಲ ಸುಡಬೇಕು. ಒಂದು ಗಡ್ಡೆಯೂ ಹೊರಗೆ ಹೋಗಕೂಡದು. ಸುಡುವ ಕೆಲಸ, ಅಲ್ಲಿ ಹನ್ನೊಂದು ವರ್ಷದಿಂದ ಹೊಲದ ಮೇಸ್ತ್ರಿಯಾಗಿದ್ದ ಅಣ್ಣನದು.

"ಸಾಹೇಬ್ರು ಟೀ ಕುಡೀತಾರೋ, ಇಲ್ಲ ಅದನ್ನೂ ಟೆಸ್ಟ್ ಮಾಡ್ಬೇಕೋ?" ಎಂದು ಬೆಳಿಗ್ಗೆ ಗೇಟಿನಲ್ಲಿ ಅಣ್ಣ ಛೇಡಿಸಿದ್ದ. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು, ತಮ್ಮನನ್ನು ಈ ತಪಾಸಣೆ ಇಲಾಖೆಯ ಕುರ್ಚಿಯವರೆಗೆ ಓದಿಸಿದವನು. ಈಗ ತನ್ನ ಕ್ವಾರ್ಟರ್ಸಿನ ಹಿಂಬಾಗಿಲಲ್ಲಿ ನಿಂತಿದ್ದ. ತಮ್ಮನ ಜೊತೆ ತಪಾಸಣೆಗೆ ಬಂದಿದ್ದ ಮೇಲಧಿಕಾರಿಯೇ ಫೋನಿನಲ್ಲಿ ಮಾತಾಡುತ್ತ ಹಿತ್ತಿಲಿಗೆ ಬಂದಾಗ ಗಿಡವನ್ನು ಕಂಡದ್ದು. ಹಳೆಯ ಎಣ್ಣೆ ಡಬ್ಬ, ಮಂಡಿಯೆತ್ತರದ ಗಿಡ, ಅರಳಿದ ಎರಡು ಬಿಳಿ ಹೂವು.

ಎರಡನೆಯ ಗೆರೆ ಮೂಡಿತು.

"ಒಂದೇ ಒಂದು ಕಣೋ," ಅಣ್ಣ ಪಿಸುಗುಟ್ಟಿದ. "ಗೋಲಿಯಷ್ಟಿತ್ತು. ಹೋದ ವರ್ಷ ಸುತ್ತಮುತ್ತ ಹೊಲದಲ್ಲೆಲ್ಲ ಬೆಳೆ ಕೊಳೆತುಹೋಯ್ತು, ಬೇಲಿಯೊಳಗಿನದೊಂದೇ ನಿಂತಿತ್ತು. ಬೆಂಕಿಗೆ ಹಾಕೋಕೆ ಕೈ ಬರ್ಲಿಲ್ಲ."

"ನಿಮ್ಮಣ್ಣ ಅಂತ ಗೊತ್ತು ಕಣ್ರೀ," ಮೇಲಧಿಕಾರಿ ತಗ್ಗಿದ ದನಿಯಲ್ಲಿ ಅಂದರು. "ವರದಿ ಬರೆಯೋಕಾಗಲ್ಲ ಅಂದ್ರೆ ಕೊಡಿ, ನಾನೇ ಬರೀತೀನಿ. ಹೂವು ಬಿಡೋಕೆ ಮುಂಚೆ ಆಗಿದ್ರೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು. ಈಗ ಪರಾಗ ಎಲ್ಲಿಗೆ ಹೋಗಿದೆಯೋ ಯಾರಿಗೆ ಗೊತ್ತು?"

ಅವನೇ ಬರೆದ.

ಒಂಬತ್ತನೆಯ ದಿನ ಆದೇಶ ಬಂತು. ಪ್ರಯೋಗ ರದ್ದು, ಅಣ್ಣನ ಕೆಲಸವೂ. ಗಡ್ಡೆ ಬಲಿಯುವ ಮೊದಲೇ ಸಾಲುಗಳನ್ನು ಕಿತ್ತು ಗುಂಡಿಗೆ ತುಂಬಿದರು. ಬೀಗದೊಳಗಿದ್ದ ಬಿತ್ತನೆ ಗಡ್ಡೆಗಳನ್ನೂ ತಂದು ಸುರಿದರು. ಈ ಗಿಡವನ್ನೇ ಬದುಕಾಗಿಸಿಕೊಂಡಿದ್ದ ವಿಜ್ಞಾನಿ ಮೇಡಂ ಬಂದು ಗುಂಡಿಯ ಅಂಚಿನಲ್ಲಿ ನಿಂತರು. ಅಣ್ಣನನ್ನು ಬೈಯಲಿಲ್ಲ.

"ರೋಗ ಬಂದಿತ್ತೇನ್ರೀ, ಆ ಡಬ್ಬದ ಗಿಡಕ್ಕೆ?" ಎಂದು ಕೇಳಿದರು.

"ಒಂದು ಚುಕ್ಕೆನೂ ಇರ್ಲಿಲ್ಲ ಮೇಡಂ."

ಅವರು ತಲೆಯಾಡಿಸಿ ಕಾರಿನತ್ತ ನಡೆದರು.

ಹಸಿ ಗಿಡ ಸುಲಭಕ್ಕೆ ಹೊತ್ತಿಕೊಳ್ಳಲಿಲ್ಲ. ಅಣ್ಣನೇ ಸೀಮೆಎಣ್ಣೆ ಸುರಿದ, ಕೋಲಿನಿಂದ ಕೆದಕಿದ; ಆ ಕೆಲಸ ಬೇರೆ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಆಮೇಲೆ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ತಮ್ಮನ ಹತ್ತಿರ ಬಂದ.

"ನೀನೇನು ಮಾಡೋಕಾಗ್ತಿತ್ತು ಹೇಳು? ನಿನಗೂ ಆವತ್ತೇ ತಾನೇ ಗೊತ್ತಾಗಿದ್ದು. ಮನಸ್ಸಿಗೆ ಹಚ್ಕೋಬೇಡ," ಎಂದು ಬೆನ್ನು ತಟ್ಟಿದ. ಅಂಗೈಯ ಮಸಿ ಬಿಳಿ ಅಂಗಿಯ ಮೇಲೆ ಉಳಿಯಿತು.

ತಿಂಗಳ ಹಿಂದೆ ಅಣ್ಣನ ಮನೆಯಲ್ಲಿ ಊಟ ಮುಗಿಸಿ ಕೈತೊಳೆಯಲು ಹಿತ್ತಿಲಿಗೆ ಹೋದಾಗ ಆ ಗಿಡದಲ್ಲಿ ಮೊಗ್ಗು ಕೂಡ ಇರಲಿಲ್ಲ. ಒಳಗೆ ಅಣ್ಣ ಯಾವುದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದ. ಗಿಡವನ್ನು ಕಂಡೂ, ಅದು ಏನೆಂದು ಊಹಿಸಿಯೂ, ಆ ನಗುವನ್ನು ಕೆಡಿಸುವುದೇಕೆಂದು ಅವನು ಕೈ ಒರೆಸಿಕೊಂಡು ಒಳಗೆ ಬಂದು ಕೂತಿದ್ದ. ಅದನ್ನು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.