ನಾನು ಎತ್ತದ ಪರದೆ

ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಫೆಸ್ ನಗರದ ಹಳೇ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಮಾಳಿಗೆ ಹತ್ತಿದ್ದೇನೆ, ಬಾವಿ ಇಣುಕಿದ್ದೇನೆ, ತೊಲೆ ತಟ್ಟಿ ಗೆದ್ದಲು ಪತ್ತೆ ಹಚ್ಚಿದ್ದೇನೆ. ಎದುರಿಗೆ ಮರ್ಯಾದೆಯಿಂದ 'ಸೀ ಮಫದ್ದಲ್' ಎಂದು ಕರೆದು, ಹಿಂದಿನಿಂದ ಮಫದ್ದಲ್‌ನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಬರೆದ ಬೆಲೆ ತಪ್ಪು ಎಂದು ಮಾತ್ರ ಯಾರೂ ಅಂದಿರಲಿಲ್ಲ, ಶಾಮಾಳ ಮನೆಯವರೆಗೆ.

ಶಾಮಾ ನನ್ನ ಕಣ್ಣೆದುರು ಬೆಳೆದವಳು. ಐವತ್ತೆರಡು ವಯಸ್ಸು, ಮದುವೆಯಾಗಲಿಲ್ಲ, ಕಸೂತಿ ಹಾಕಿ ಬದುಕುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆ ಅವಳಿಗೂ ಅವಳಣ್ಣ ಅಬ್ದುಲ್‌ಹೈಗೂ ಬಂತು. ನಮ್ಮಲ್ಲಿ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಕಾಸಾಬ್ಲಾಂಕಾದಲ್ಲಿದ್ದ ಅಣ್ಣ, "ಬೆಲೆ ಕಟ್ಟಿಸು. ನನ್ನ ಪಾಲಿನ ದುಡ್ಡು ಕೊಟ್ಟರೆ ಮನೆ ನಿಂದೇ. ಆಗಲಿಲ್ಲ ಅಂದ್ರೆ ಮಾರೋಣ," ಎಂದಿದ್ದ. ಕೆಟ್ಟವನಲ್ಲ ಅವನು. ಆದರೆ ಅವಳು ಹುಟ್ಟಿದ್ದು ಆ ಮನೆಯಲ್ಲಿ, ಸಾಯಬೇಕೆಂದಿದ್ದೂ ಅಲ್ಲೇ.

ನನ್ನ ಅಂಗಡಿಗೆ ಬಂದವಳು ಕೂರುವ ಮೊದಲೇ ಶುರು ಮಾಡಿದಳು.

"ದಲ್ಲಾಳಿ ಅಲ್ಲಾಲ್ ಪುಕ್ಕಟೆ ಬೆಲೆ ಹೇಳ್ತೀನಿ ಅಂದ, ಸೀ ಮಫದ್ದಲ್. ನೀವು ನೋಡಿದ್ರೆ ಎರಡು ಸಾವಿರ ದಿರ್ಹಮ್ ಕೇಳ್ತೀರಿ!"

"ಮನೆ ಮಾರಾಟ ಆದ್ರೆ ಅವನಿಗೆ ಕಮಿಷನ್ನು. ಮಾರಿಸೋ ತನಕ ಬಿಡ್ತಾನಾ ಅವನು? ಮನೆ ನಿನಗೇ ಉಳೀಲಿ, ಬೇರೆಯವರಿಗೆ ಹೋಗಲಿ, ನನಗೆ ಅದೇ ಎರಡು ಸಾವಿರ."

"ಆಯ್ತಪ್ಪ. ನಿಮ್ಮನ್ನ ನಂಬೋದು ಹೇಗೆ?"

ಆ ಪ್ರಶ್ನೆ ನನಗೆ ಹಿಡಿಸಿತು. ಕೋರ್ಟು ಕೊಟ್ಟ ನೋಂದಣಿ ಪತ್ರ ತೋರಿಸಿದೆ. ಹಳೇ ಪೇಟೆಯಲ್ಲೇ ಬೆಲೆ ಕಟ್ಟಿದ ಮನೆಗಳ ಕಡತ ಮುಂದಿಟ್ಟೆ. ಒಂದೊಂದನ್ನೂ ತಿರುವಿ ಹಾಕಿ ಒಪ್ಪಿದಳು.

"ನನ್ನ ಹತ್ರ ಇರೋದು..." ಎಂದು ಬಾಯಿ ತೆರೆದಳು.

"ಹೇಳಬೇಡ!" ಎಂದು ಗದರಿದೆ. "ನಿನ್ನ ಗಂಟು ಎಷ್ಟು ದೊಡ್ಡದು ಅಂತ ಗೊತ್ತಾದ್ರೆ ನನ್ನ ಕೈ ನೆಟ್ಟಗಿರಲ್ಲ. ಒಂದು ಮಾತು ಕೇಳು. ನಾನು ಬರೋ ದಿನ ಸುಣ್ಣ ಬಳೀಬೇಡ, ಅಡುಗೆ ಮಾಡಬೇಡ. ಎಲ್ಲೆಲ್ಲಿ ಕೆಟ್ಟಿದೆಯೋ ಅದನ್ನೆಲ್ಲ ತೋರಿಸು. ಒಂದೊಂದು ಹುಳುಕೂ ಬೆಲೆ ಇಳಿಸುತ್ತೆ. ಬೆಲೆ ಇಳಿದಷ್ಟೂ ಅಣ್ಣನಿಗೆ ಕೊಡೋದು ಕಡಿಮೆ, ನಿನಗೇ ಒಳ್ಳೇದು."

"ಅಷ್ಟೂ ತಿಳಿಯಲ್ವಾ ನನಗೆ?" ಎಂದು ನಕ್ಕಳು.

ತಿಳಿದಿತ್ತು. ಆದರೂ ನಾನು ಹೋದ ಗುರುವಾರ ಅವಳು ಬಾಗಿಲು ತೆರೆದಾಗ ಹಸಿ ಸುಣ್ಣದ ವಾಸನೆ ಬಂತು. ಅಂಗಳದ ಬಣ್ಣದ ಹೆಂಚುಗಳನ್ನು ಫಳಫಳ ಉಜ್ಜಿದ್ದಳು. ತಟ್ಟೆಯಲ್ಲಿ ಪಾರಿವಾಳದ ಮಾಂಸ ತುಂಬಿ ಬೇಯಿಸಿದ ಪಸ್ತೀಲಾ, ಮೇಲೆ ಸಕ್ಕರೆ ಪುಡಿ.

"ಏನು ಹೇಳಿದ್ದೆ ನಾನು?"

"ಹೊಸಿಲು ದಾಟಿ ಬಂದೋರು ಹಸಿದು ಹೋದ್ರೆ ನಮ್ಮಪ್ಪನ ಮನೆ ಮರ್ಯಾದೆ ಏನಾಗಬೇಕು? ಮೊದಲು ಕೂತ್ಕೊಳ್ಳಿ. ಬಯ್ಯೋದಿದ್ರೆ ಉಂಡು ಬಯ್ಯಿ."

ಬೆಲೆ ಕಟ್ಟುವ ಮನೆಯಲ್ಲಿ ಉಣ್ಣಬಾರದೆಂಬುದು ನನ್ನದೇ ನಿಯಮ. ಉಂಡೆ.

ಆಮೇಲೆ ಅಳತೆ ಹಿಡಿದು ಒಂದೊಂದು ಕೋಣೆ ನೋಡಿದೆ. ಬಡಗಣ ಕೋಣೆಯ ಗೋಡೆಗೆ ಹಬ್ಬಕ್ಕೆ ಹಾಕುವ ಹಸಿರು ಮಖಮಲ್ಲಿನ ಪರದೆ ತೂಗುತ್ತಿತ್ತು. ಎತ್ತಿ ನೋಡಲು ಕೈ ಚಾಚಿದೆ.

"ನಮ್ಮಮ್ಮನ ಮದುವೆ ಪರದೆ ಅದು," ಎಂದಳು ಶಾಮಾ. ಅವಳ ಮುಖ ಕೆಂಪಾಗಿತ್ತು. "ಚಹಾ ಆರ್ತಿದೆ, ಬನ್ನಿ."

ನನ್ನ ಬೆರಳಿಗೆ ಇನ್ನೂ ಸಕ್ಕರೆ ಪುಡಿ ಅಂಟಿತ್ತು. ಅನ್ನವಿಟ್ಟವಳ ಮನೆಯಲ್ಲಿ ಪೊಲೀಸಿನವನಂತೆ ಪರದೆ ಎತ್ತಲು ನಾಚಿಕೆಯಾಯಿತು. ಕೈ ಹಿಂದೆಗೆದುಕೊಂಡೆ.

ಅದೇ ಓಣಿಯಲ್ಲಿ ಇತ್ತೀಚೆಗೆ ಮಾರಾಟವಾದ ಮೂರು ಮನೆಗಳೊಂದಿಗೆ ಹೋಲಿಸಿ ಒಂಬತ್ತು ಲಕ್ಷ ಬರೆದೆ. ಅಣ್ಣನ ಪಾಲು ಆರು ಲಕ್ಷ. ಶಾಮಾ ವರದಿಯನ್ನು ಎರಡು ಸಲ ಓದಿದಳು. ಅಷ್ಟು ಹೊಂದಿಸಲು ತನ್ನಿಂದಾಗದೆಂದು ಮಾರಾಟಕ್ಕೆ ಒಪ್ಪಿ ಸಹಿ ಹಾಕಿದಳು. ಹೊರಗಿನ ದೇಶದವನೊಬ್ಬ ಮನೆಯನ್ನು ವಸತಿಗೃಹ ಮಾಡಲು ನನ್ನ ವರದಿ ನಂಬಿ ಮುಂಗಡ ಕೊಟ್ಟ. ಅವಳು ಹೊಸ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಸಾಮಾನಿನ ಜೊತೆಗೆ ಆ ಪರದೆಯನ್ನೂ ಕಳಚಿಕೊಂಡು ಹೋದಳು.

ವಾರದೊಳಗೆ ಕೊಂಡವನ ಮೇಸ್ತ್ರಿ ನನ್ನನ್ನು ಕರೆಸಿದ. ಬಡಗಣ ಕೋಣೆಯ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಬಿರುಕಿನೊಳಗೆ ನನ್ನ ಕೈ ಮಣಿಕಟ್ಟಿನ ತನಕ ಹೋಯಿತು.

"ಇದನ್ನ ನೋಡೇ ಒಂಬತ್ತು ಲಕ್ಷ ಬರೆದ್ರಾ, ಯಜಮಾನ್ರೇ?" ಎಂದ ಮೇಸ್ತ್ರಿ.

ನಾನು ಮತ್ತೆ ಲೆಕ್ಕ ಹಾಕಿದೆ. ಗೋಡೆ ಕೆಡವಿ ಮಾಳಿಗೆಯನ್ನೇ ಹೊಸದಾಗಿ ಕೂರಿಸಬೇಕು, ಮೂರು ಲಕ್ಷಕ್ಕೆ ಕಡಿಮೆಯಿಲ್ಲ. ಕೊಂಡವನು ಅಷ್ಟನ್ನೂ ಮುರಿದುಕೊಂಡು ಆರು ಲಕ್ಷ ಕೊಟ್ಟ. ಮುಂಗಡ ಹಿಂದಿರುಗಿಸುತ್ತೇನೆ, ಮನೆ ಬಿಡಿ ಎಂದು ಅಬ್ದುಲ್‌ಹೈ ಅಂಗಲಾಚಿದರೂ ಅವನು ಕರಾರು ಮುಂದಿಟ್ಟು ಬಿಡಲಿಲ್ಲ.

ಅಬ್ದುಲ್‌ಹೈ ನೆಟ್ಟಗೆ ನನ್ನ ಅಂಗಡಿಗೆ ಬಂದ. ಬಯ್ಯುತ್ತಾನೆಂದುಕೊಂಡಿದ್ದೆ, ಬಾಗಿಲಲ್ಲೇ ನಿಂತು ಅಳತೊಡಗಿದ.

"ನನ್ನ ಪಾಲಿಗೆ ಬಂದಿದ್ದು ನಾಲ್ಕು ಲಕ್ಷ, ಸೀ ಮಫದ್ದಲ್. ಅವಳ ಹತ್ರ ಎಷ್ಟಿತ್ತು ಗೊತ್ತಾ? ಒಡವೆ ಮಾರಿದ್ದೂ ಸೇರಿ ಸರಿಯಾಗಿ ನಾಲ್ಕು ಲಕ್ಷ."

ಮೂವತ್ತೊಂದು ವರ್ಷದ ಹೆಮ್ಮೆ ಆವತ್ತೇ ಮುಗಿಯಿತು.

ಮಾರನೆಯ ದಿನ ಮೂರು ಮಹಡಿ ಹತ್ತಿ ಶಾಮಾಳ ಬಾಗಿಲು ತಟ್ಟಿದೆ. ಅವಳು ಕೊಟ್ಟಿದ್ದ ಎರಡು ಸಾವಿರವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದೆ. ಅವಳು ಮುಟ್ಟಲಿಲ್ಲ.

"ಯಾಕೆ ಮುಚ್ಚಿಟ್ಟೆ, ಹುಡುಗಿ? ಹುಳುಕು ತೋರಿಸು ಅಂತ ಬಡ್ಕೊಂಡಿದ್ನಲ್ಲ!"

"ಎರಡು ಸಲ ಪರದೆ ತೆಗೆದು ಕೆಳಗಿಟ್ಟೆ. ಎರಡು ಸಲ ಮತ್ತೆ ಹಾಕಿದೆ." ಅವಳು ಕೈಯಲ್ಲಿದ್ದ ಕಸೂತಿಯನ್ನು ಮಡಿಚಿಟ್ಟಳು. "ನಮ್ಮಪ್ಪ ಆ ಬಿರುಕನ್ನ ಒಂದು ದಿನಕ್ಕೂ ನೆಂಟರಿಗೆ ತೋರಿಸಿರಲಿಲ್ಲ. ಅವನು ಹೋಗಿ ಮೂರು ತಿಂಗಳಿಗೇ ನಾನು ತೋರಿಸಲಾ? ಅದೂ ಮನೆ ಅಗ್ಗಕ್ಕೆ ಸಿಗಲಿ ಅಂತ?"

"ಸಹಿ ಹಾಕುವಾಗಲಾದರೂ ಹೇಳಬಹುದಿತ್ತು."

"ನೀವು ಎತ್ತಿ ನೋಡ್ತೀರಿ ಅಂದ್ಕೊಂಡಿದ್ದೆ," ಎಂದಳು. "ನೀವೇ ಎತ್ತಿದ್ರೆ ಅದು ನಾನು ತೋರಿಸಿದ ಹಾಗೆ ಆಗ್ತಿರಲಿಲ್ಲ."

ಅವಳು ಚಹಾ ತರಲು ಎದ್ದಳು. ಅವಳ ಮಂಚದ ಹಿಂದಿನ ಗೋಡೆಗೆ ಅದೇ ಹಸಿರು ಪರದೆ ತೂಗುತ್ತಿತ್ತು, ನನ್ನ ಕಣ್ಣು ಅಲ್ಲೇ ನೆಟ್ಟಿತ್ತು. ಅವಳು ಅದನ್ನು ಗಮನಿಸಿದಳು.

"ಎತ್ತಿ ನೋಡಿ, ಸೀ ಮಫದ್ದಲ್. ಇಲ್ಲಿ ಬೇಕಾದ್ರೆ ನೋಡಿ. ಈ ಗೋಡೆ ನಂದಲ್ಲ."