ಎತ್ತಿಕೊಳ್ಳುವ ವಯಸ್ಸು

ಗುಬ್ಬಿಗೆ ನನ್ನನ್ನು ತಬ್ಬಿಕೊಳ್ಳಬೇಕು ಅನ್ನಿಸಿದರೆ ಮೊದಲು ಕುರ್ಚಿ ಎಳೆದು ತರುತ್ತಿದ್ದಳು. ಅದರ ಮೇಲೆ ಹತ್ತಿ ನಿಂತು, "ಬಾ ಅಮ್ಮ" ಎಂದು ಎರಡೂ ಕೈ ಚಾಚುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತರಾಯಿತು, ಬಗ್ಗುವುದೂ ಬೇಡ, ಎತ್ತುವುದೂ ಬೇಡ. ಅದು ಅವಳೇ ಕಂಡುಕೊಂಡ ಉಪಾಯ. ನೋಡಿದವರು ನನ್ನ ಮಗಳನ್ನು ಜಾಣೆ ಅನ್ನುತ್ತಿದ್ದರು. ನನಗೆ ಮಾತ್ರ ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳುವುದೇ ಬೇಡವಾಗಿತ್ತು.

ಅವಳು ಪುಟ್ಟ ಪುಟ್ಟ ಹೆಜ್ಜೆ ಇಡಲು ಕಲಿಯುತ್ತಿದ್ದಾಗ ನನ್ನ ಸೊಂಟ ಕೈಕೊಟ್ಟಿತು. ಪರದೆ ಹೊಲಿಯುವ ಅಂಗಡಿಯಲ್ಲಿ ನನ್ನ ಕೆಲಸ. ದಪ್ಪ ಬಟ್ಟೆಯ ಥಾನೊಂದನ್ನು ಮೇಲಿನ ಹಲಗೆಯಿಂದ ಇಳಿಸುವಾಗ ಬೆನ್ನಿನ ಬುಡದಲ್ಲಿ ಏನೋ ಜಾರಿತು. ಥಾನಿನ ಜತೆ ನಾನೂ ನೆಲಕ್ಕೆ ಬಂದೆ. ಡಾಕ್ಟರು ಭಾರ ಎತ್ತಬೇಡಿ ಎಂದರು. ಮನೆಯಲ್ಲಿ ನಾನು ಎತ್ತುತ್ತಿದ್ದ ಭಾರವೆಂದರೆ ಗುಬ್ಬಿಯೇ. ಅಂದಿನಿಂದ ಅವಳನ್ನು ಎತ್ತಿ ಆಡಿಸಿದ್ದೆಲ್ಲ ಅವಳಪ್ಪ, ಅಜ್ಜಿ, ಪಕ್ಕದ ಮನೆಯವರು. ಅವಳು ಅತ್ತರೆ ನಾನು ನೆಲದ ಮೇಲೆ ಕೂತು ಕರೆಯುತ್ತಿದ್ದೆ. ಬಂದು ಮಡಿಲಲ್ಲಿ ಕೂರುತ್ತಿದ್ದಳು, ಇಲ್ಲವೆನ್ನಲಾರೆ. ಆದರೆ ಓಡಿಬಂದು ಕಾಲಿಗೆ ತೆಕ್ಕೆಬಿದ್ದ ಮಗುವನ್ನು ಒಂದೇ ಸಲಕ್ಕೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುವುದೇ ಬೇರೆ. ಬೀದಿಯಲ್ಲಿ ಯಾರೋ ಹೆಂಗಸು ಕಂಕುಳಲ್ಲಿ ಕೂಸು ಇಟ್ಟುಕೊಂಡು, ಫೋನಿನಲ್ಲಿ ಜಗಳವಾಡುತ್ತ ಹೋಗುವುದನ್ನು ಕಂಡರೆ ನಾನು ನಿಂತುಬಿಡುತ್ತಿದ್ದೆ. ತಾನೇನು ಹೊತ್ತಿದ್ದೇನೆ ಎಂಬ ಪರಿವೆಯೇ ಆಕೆಗೆ ಇರುತ್ತಿರಲಿಲ್ಲ.

ಪಿಲಾಟಿಸ್ ಎಂಬ ವ್ಯಾಯಾಮ ಕಲಿಸುವ ಟೀಚರ್ ಒಬ್ಬರು ನಮ್ಮ ಅಂಗಡಿಗೆ ಬಂದದ್ದು ಪರದೆ ಹೊಲಿಸಲು. ಪೇಂಟ್ ಅಂಗಡಿಯ ಮಹಡಿಯ ಮೇಲೆ ಅವರ ತರಗತಿ. ಹಿಂದೆ ಡಾನ್ಸರ್ ಆಗಿದ್ದವರು. ಮಂಡಿ ಹಾಳಾದ ಮೇಲೆ ಈ ವ್ಯಾಯಾಮ ಕಲಿತು, ಈಗ ಕಲಿಸುತ್ತಾರೆ. ಅವರ ತರಗತಿಗೆ ಹೋಗಿ ಕಿಟಕಿಯ ಅಳತೆ ತೆಗೆಯಲು ನಾನು ಹಲ್ಲುಕಚ್ಚಿ ಬಗ್ಗಿದ್ದನ್ನು ನೋಡಿ, "ಉಸಿರು ಯಾಕ್ರೀ ಹಿಡ್ಕೊಂಡಿದ್ದೀರಿ? ಯಾರಾದ್ರೂ ಕದ್ಕೊಂಡು ಹೋಗ್ತಾರಾ?" ಎಂದರು.

ಆ ಕೋಣೆಯ ನಡುವೆ ಒಂದು ಉದ್ದನೆಯ ಮಂಚವಿತ್ತು. ಮೇಲೆ ಹಿಂದೆ ಮುಂದೆ ಸರಿಯುವ ಹಲಗೆ, ಅದರ ಕೆಳಗೆ ಸಾಲಾಗಿ ಸ್ಪ್ರಿಂಗುಗಳು.

"ಇದೇನು, ಆಸ್ಪತ್ರೆ ಮಂಚ ಇದ್ದ ಹಾಗಿದೆ?"

"ಸರಿಯಾಗೇ ಹೇಳಿದ್ರಿ. ಪಿಲಾಟಿಸ್ ಅಂತ ಜರ್ಮನಿಯವನೊಬ್ಬ ಇದ್ದ. ಚಿಕ್ಕವನಿದ್ದಾಗ ಉಬ್ಬಸ ಅದು ಇದು ಅಂತ ಬರೀ ಕಾಯಿಲೆ. ಹಟ ಹಿಡಿದು ಮೈ ಗಟ್ಟಿ ಮಾಡ್ಕೊಂಡ. ಮೊದಲನೇ ಮಹಾಯುದ್ಧದಲ್ಲಿ ಇಂಗ್ಲೆಂಡಲ್ಲಿದ್ದ. ಶತ್ರು ದೇಶದವನು ಅಂತ ಶಿಬಿರಕ್ಕೆ ಹಾಕಿದ್ರು. ಎದ್ದೇಳಕ್ಕಾಗದವರ ಮಂಚಕ್ಕೆ ಅಲ್ಲಿ ಸ್ಪ್ರಿಂಗ್ ಕಟ್ಟಿ, ಮಲಗಿದ್ದಲ್ಲೇ ಕೈಕಾಲು ಆಡಿಸೋ ಹಾಗೆ ಮಾಡಿದ ಅಂತಾರೆ. ಆಮೇಲೆ ನ್ಯೂಯಾರ್ಕಿಗೆ ಹೋದ. ಕೈಕಾಲು ಮುರ್ಕೊಂಡ ನನ್ನಂಥ ಕುಣಿಯೋರೆಲ್ಲ ಅವನ ಹತ್ರ ಹೋಗೋರು."

"ಮಲಗಿಕೊಂಡು ಮಾಡೋದಾ? ಹಾಗಾದ್ರೆ ನನಗೆ ಬರುತ್ತೆ ಬಿಡಿ."

"ಎಲ್ರೂ ಹಾಗೇ ಅಂದ್ಕೊಂಡು ಬರ್ತಾರೆ."

ನಗುತ್ತಲೇ ಕೇಳಿಬಿಟ್ಟೆ, "ಮಗಳನ್ನ ಎತ್ಕೊಳ್ಳೋ ಹಾಗಾಗುತ್ತಾ?"

"ನಿಮ್ಮ ಡಾಕ್ಟರನ್ನ ಕೇಳ್ಕೊಂಡು ಬನ್ನಿ. ಇದು ಮಂತ್ರ ಅಲ್ಲ, ನಿಧಾನ. ಮಗಳಿಗೆ ಎಷ್ಟು ವಯಸ್ಸು?"

"ಐದು ತುಂಬಿತು."

ಅವರ ನಗು ನಿಂತಿತು. "ಬೇಗ ಶುರು ಮಾಡಿ" ಎಂದರು.

ಡಾಕ್ಟರು ಒಪ್ಪಿದರು. ಅಂಗಡಿ ಮುಗಿಸಿ ಮಹಡಿ ಹತ್ತತೊಡಗಿದೆ. ಮನೆಯಲ್ಲಿ ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಚಾಪೆ ಹಾಸಿಕೊಂಡು, ಬೆನ್ನನ್ನು ಒಂದೊಂದೇ ಮೂಳೆಯಾಗಿ ನೆಲದಿಂದ ಬಿಡಿಸುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಮಲಗಿ ಕಾಲಾಡಿಸೋದಕ್ಕೂ ಟೀಚರ್ ಬೇಕಾ? ನಿನ್ನ ಮಗಳು ಹುಟ್ಟುತ್ತಲೇ ಕಲಿತಿದ್ದಳಲ್ಲೇ!" ಎಂದರು. ಆಮೇಲೆ ಒಂದು ದಿನ ನೋಡುತ್ತೇನೆ, ತರಕಾರಿ ಹೆಚ್ಚುತ್ತ ಅವರೂ ಹೊಟ್ಟೆ ಒಳಗೆಳೆದು ಉಸಿರು ಬಿಡುತ್ತಿದ್ದಾರೆ.

ಬದಲಾವಣೆ ಸಣ್ಣಸಣ್ಣದರಲ್ಲಿ ಕಂಡಿತು. ಹಾಸಿಗೆಯಲ್ಲಿ ನರಳದೆ ಮಗ್ಗುಲು ಬದಲಿಸಿದೆ. ನಿಂತೇ ಚಪ್ಪಲಿ ಹಾಕಿಕೊಂಡೆ. ಹೊಲಿಗೆ ಯಂತ್ರದ ಮುಂದೆ ಕುಗ್ಗದೆ ಕೂರುವುದು ಬಂತು. ಹೊಟ್ಟೆಯೊಳಗಿಂದ ಯಾರೋ ಅಗಲವಾದ ಪಟ್ಟಿ ಬಿಗಿದು ಬೆನ್ನನ್ನು ಹಿಡಿದುಕೊಂಡಂತೆ. ಆದರೆ ಗುಬ್ಬಿ ಬೆಳೆಯದೆ ಕಾಯಬೇಕಲ್ಲ! ಅವಳ ಲಂಗಗಳಿಗೆ ಅಂಚಿನಲ್ಲಿ ಹೆಚ್ಚುವರಿ ಮಡಿಕೆ ಬಿಟ್ಟೇ ಹೊಲಿಯುತ್ತೇನೆ. ಒಂದರದು ಬಿಚ್ಚಲು ಹೋದರೆ ಬಿಚ್ಚುವುದಕ್ಕೆ ಮಡಿಕೆಯೇ ಉಳಿದಿರಲಿಲ್ಲ.

ಅಂದೇ ಸಂಜೆ ಟೀಚರ್ ಬೇರೊಬ್ಬರಿಗೆ ಹೇಳಿಕೊಡುತ್ತಿದ್ದಾಗ, ಸ್ಪ್ರಿಂಗು ಹೆಚ್ಚಿದಷ್ಟೂ ಭಾರ ಹೆಚ್ಚು ಎಂದುಕೊಂಡು, ಮಂಚದ ಸ್ಪ್ರಿಂಗುಗಳನ್ನೆಲ್ಲ ಸಿಕ್ಕಿಸಿದೆ. ಮಂಚದ ತುದಿಯಲ್ಲಿದ್ದ ಸರಳಿನ ಮೇಲೆ ಕೈ, ಸರಿಯುವ ಹಲಗೆಯ ಮೇಲೆ ಕಾಲು ಊರಿ ಮೈಯನ್ನು ನೆಟ್ಟಗೆ ಚಾಚಿದೆ. ಹಲಗೆ ಅಲುಗಲೇ ಇಲ್ಲ. ಇಷ್ಟೂ ಭಾರ ತಡೆದೆನಲ್ಲ, ಇನ್ನು ಗುಬ್ಬಿ ಯಾವ ಲೆಕ್ಕ ಎಂದು ಒಳಗೊಳಗೇ ಬೀಗಿದೆ.

"ಟೀಚರ್, ನೋಡಿ!"

ಅವರು ಬಂದು ಬಗ್ಗಿ ನೋಡಿ ನಕ್ಕರು. "ತಾಯಿ, ನೀವೆಲ್ಲಿ ತಡೆದಿದ್ದೀರಿ? ಸ್ಪ್ರಿಂಗುಗಳೇ ನಿಮ್ಮನ್ನ ಹಿಡ್ಕೊಂಡಿವೆ." ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕಳಚಿದರು. "ಈಗ ಮಾಡಿ."

ಹಲಗೆ ಕಾಲ ಕೆಳಗಿಂದ ಓಡಲು ನೋಡಿತು. ನನ್ನ ಕೈ, ಹೊಟ್ಟೆ, ಗಲ್ಲ ಎಲ್ಲ ಗಡಗಡ ನಡುಗಿದವು.

"ಮಗು ಅಂದ್ರೆ ನಿಮ್ಮ ಬಟ್ಟೆ ಥಾನ್ ಅಲ್ಲ. ಒದೆಯುತ್ತೆ, ಹಿಂದಕ್ಕೆ ವಾಲುತ್ತೆ. ಅದು ಎಷ್ಟು ಕುಣಿದ್ರೂ ನೀವು ಅಲ್ಲಾಡಬಾರದು. ಆ ಬಲ ಬರೋದು ಹೀಗೆ ಸ್ಪ್ರಿಂಗ್ ಕಡಿಮೆ ಮಾಡಿದಾಗಲೇ."

ಮತ್ತೆ ಮೊದಲಿನಿಂದ ಕಲಿತೆ. ಹೊಸ ಲಂಗ ಹೊಲಿದೆ, ಅದೂ ಗಿಡ್ಡವಾಯಿತು. ಕೊನೆಗೊಂದು ಸಂಜೆ ಟೀಚರ್ ನನ್ನ ಕೈಗೆ ಮರಳಿನ ಚೀಲ ಕೊಟ್ಟು, ಬಗ್ಗಿಸಿ, ಎಬ್ಬಿಸಿ, ಸುತ್ತ ನಡೆದು ನೋಡಿ, "ಇವತ್ತು ಎತ್ಕೊಳ್ಳಿ" ಎಂದರು.

ಓಡುವುದೊಂದು ಬಾಕಿ, ಹಾಗೆ ಮನೆಗೆ ಬಂದೆ. ಗುಬ್ಬಿ ನಡುಮನೆಯಲ್ಲಿ ಬಣ್ಣ ಹಚ್ಚುತ್ತ ಕೂತಿದ್ದಳು.

"ಬಾರೇ, ಎತ್ಕೋತೀನಿ."

ಅವಳು ಎದ್ದು ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡಮ್ಮ. ನಿನಗೆ ಸೊಂಟ ನೋವು."

"ಈಗಿಲ್ಲ ಕಣೇ."

"ಎತ್ತಿದ್ರೆ ಬರುತ್ತೆ. ಅಲ್ಲದೆ ನಾನು ದೊಡ್ಡೋಳು. ನಮ್ಮ ಕ್ಲಾಸಲ್ಲಿ ಯಾರನ್ನೂ ಯಾರೂ ಎತ್ಕೊಳ್ಳಲ್ಲ."

ನಾನು ಎತ್ತುವುದನ್ನು ಕಲಿಯುತ್ತಿದ್ದಷ್ಟೂ ಕಾಲ ಅವಳು ಎತ್ತಿಕೋ ಎಂದು ಕೇಳದೆ ಇರುವುದನ್ನು ಕಲಿತುಬಿಟ್ಟಿದ್ದಳು. ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಚಾಚಿದ್ದ ಕೈಯನ್ನು ಕೆಳಗಿಳಿಸಿದೆ.

ಅತ್ತೆ ಒಳಗಿನಿಂದ, "ಹೋಗೇ, ಒಂದ್ಸಲ ಎತ್ತಿಸ್ಕೋ. ನಿಮ್ಮಮ್ಮ ಆ ನೆಲದ ಮೇಲೆ ಒದ್ದಾಡಿದ್ದು ಮತ್ಯಾತಕ್ಕೆ ಅಂದ್ಕೊಂಡೆ?" ಎಂದರು.

"ಬೀಳಿಸಲ್ಲ ತಾನೇ?"

"ಇಲ್ಲ."

ಮಂಡಿ ಮಡಿಸಿದೆ, ಅವಳನ್ನು ಎದೆಗೆ ಹತ್ತಿರ ತಂದುಕೊಂಡೆ, ಎದ್ದೆ. ಬೆನ್ನು ಸುಮ್ಮನಿತ್ತು. ಆದರೆ ಅವಳ ಕಾಲಿಗೆ ನನ್ನ ಸೊಂಟ ಬಳಸಿ ಹಿಡಿಯುವುದು ಮರೆತುಹೋಗಿತ್ತು. ಎರಡೂ ಕೈ ನನ್ನ ಭುಜಕ್ಕೆ ಊರಿ, ಮೈಯೆಲ್ಲ ಸೆಟೆದುಕೊಂಡು, ತನ್ನ ಭಾರವನ್ನು ತಾನೇ ಹೊರಲು ನೋಡುತ್ತಿದ್ದಳು.

"ಹಗುರ ಇದ್ದೀನಾ ಅಮ್ಮ?"

"ಇಲ್ಲಪ್ಪ. ಚೆನ್ನಾಗಿ ಭಾರ ಇದ್ದೀಯ."

"ಇಳಿಸು ಹಾಗಾದ್ರೆ!"

"ಬೇಡ. ನೀನು ಬಿಗಿ ಬಿಡು. ಪೂರ್ತಿ ಬಿಡು. ನಾನಿದ್ದೀನಿ."

 ಮೊದಲು ಅವಳ ಕೈ ಸಡಿಲವಾಯಿತು, ಆಮೇಲೆ ಬೆನ್ನು. ಕಾಲು ನನ್ನ ಹಿಂದೆ ಹೆಣೆದುಕೊಂಡವು. ಗಲ್ಲ ನನ್ನ ಕತ್ತಿಗೆ ಬಂತು. ಅವಳ ಇಡೀ ಭಾರ ನನ್ನ ಮೇಲೆ ಇಳಿದದ್ದು ಆಗ. ಕಿಟಕಿಯವರೆಗೂ ನಡೆದೆ, ತಿರುಗಿ ಬಂದೆ. ಅವಳ ಪಾದ ನನ್ನ ತೊಡೆಯ ಹಿಂಭಾಗಕ್ಕೆ ತಾಗುತ್ತಿತ್ತು. ನಾನು ಇಷ್ಟು ವರ್ಷ ಹಂಬಲಿಸಿದ ಅಂಗೈಯಗಲದ ಪಾದಗಳು ಇವಲ್ಲ. ಆ ಪುಟ್ಟ ಮಗು ಯಾವಾಗಲೋ ಎದ್ದುಹೋಗಿತ್ತು. ಅದನ್ನು ಇನ್ನು ಯಾವ ವ್ಯಾಯಾಮವೂ ತಂದುಕೊಡದು.

"ಅಮ್ಮ, ಫ್ರಿಜ್ ಮೇಲೆ ಎಷ್ಟು ಧೂಳು!"

"ಅದನ್ನ ನೋಡಕ್ಕಾ ಎತ್ಕೊಂಡಿದ್ದು?"

ಬೀದಿಯಿಂದ ಅವಳ ಗೆಳತಿ ಕೂಗಿದಳು. ಗುಬ್ಬಿ ಸರಕ್ಕನೆ ನನ್ನಿಂದ ಜಾರಿ, ಮೆಟ್ಟಿಲಿಳಿದು ಓಡಿದಳು. ನನ್ನ ಕತ್ತಿನಲ್ಲಿ ಅವಳ ಗಲ್ಲವಿದ್ದ ಜಾಗ ಬೆಚ್ಚಗಿತ್ತು. ಅಲ್ಲಿ ಕೈಯಿಟ್ಟುಕೊಂಡು ಹಾಗೇ ನಿಂತಿದ್ದೆ.

ಕೆಳಗಿನಿಂದ ಮಾತು ಕೇಳಿಸಿತು.

"ನಮ್ಮಮ್ಮ ನನ್ನ ಎತ್ಕೊಂಡ್ಲು, ಗೊತ್ತಾ?"

"ಹೋಗೇ, ಸುಳ್ಳು!"

"ಬೇಕಾದ್ರೆ ಬಂದು ನೋಡು!"

ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆಗಳೂ ದಡದಡ ಹತ್ತಿ ಬಂದವು. ನೆಲದ ಮೇಲಿದ್ದ ಬಣ್ಣದ ಕಡ್ಡಿಗಳನ್ನು ಪಕ್ಕಕ್ಕೆ ಸರಿಸಿ, ನಡುಮನೆಯಲ್ಲಿ ಜಾಗ ಮಾಡಿಕೊಂಡು ನಿಂತೆ.